ಟರ್ನ್‌ಟೇಬಲ್‌ಗೆ ಇಟ್ಟ ಕುಂಕುಮ

ಕತ್ರಿಗುಪ್ಪೆ ಬಸ್‌ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ನಿಂತಿದ್ದರು. ಅವರಲ್ಲಿ ಡಿಜೆ ಆಗಿದ್ದವನು ಹಾಡಿನ ತಟ್ಟೆ ತಿರುಗಿಸುವ ತನ್ನ ಟರ್ನ್‌ಟೇಬಲನ್ನು ಎದೆಗವಚಿಕೊಂಡಿದ್ದ.

“ಆಯುಧಪೂಜೆಗೆ ಕುಂಕುಮ ಇಟ್ಟಿದ್ನಲ್ಲ ಮಗಾ, ಪುಡಿಯೆಲ್ಲ ಸ್ಪೀಡ್ ಸ್ಲೈಡರ್ ಒಳಗೆ ಇಳಿದಿತ್ತು. ಹಾಡು ತಾನಾಗೇ ಓಡೋದು, ತಾನಾಗೇ ಎಳೆಯೋದು.”

“ನಾಳೆ ಶೋ ಇದೆಯಲ್ಲೋ!”

“ತ್ಯಾಗರಾಜನಗರದಲ್ಲಿ ರೇಡಿಯೋ ರಿಪೇರಿ ಮಾಡ್ತಾರಲ್ಲ, ಮೀನಾಕ್ಷಮ್ಮೋರು, ಅವರೇ ಬಿಚ್ಚಿ ಕ್ಲೀನ್ ಮಾಡಿದ್ರು. ಸಣ್ಣ ಬ್ರಷ್ ಹಿಡ್ಕೊಂಡು ಎರಡು ಗಂಟೆ ತಲೆ ಎತ್ತಲಿಲ್ಲ ಗುರು. ನಾನು ಊದೋಕೆ ಹೋದ್ರೆ, ‘ಎಂಜಲು ಹಾರುತ್ತೆ, ದೂರ ನಿಲ್ಲು’ ಅಂದ್ರು.”

“ಇನ್ಮೇಲೆ ಕುಂಕುಮ ಇಡ್ಬೇಡ ಅಂದ್ರಾ?”

“ಅವರೇ ಇಟ್ರು ಕಣೋ! ಉದುರದ ಹಾಗೆ ಎಣ್ಣೇಲಿ ಕಲಸಿ, ಮುಚ್ಚಳದ ಮೇಲೆ.”

ಬಸ್ಸು ಬಂತು. ಟರ್ನ್‌ಟೇಬಲ್ ಹಿಡಿದುಕೊಳ್ಳಲು ಕೈ ಚಾಚಿದ ಗೆಳೆಯ, ಮೊದಲು ಅಂಗೈಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡ.