ಇಷಯನ ಅಜ್ಜಿ

ನನ್ನ ಮದುವೆಯಾಯಿತು, ಇವತ್ತಿಗೆ ಮೂರು ವಾರ — ಅಯ್ಯೋ, ಕ್ಷಮಿಸಿ! ಮೊದಲು ನಮಸ್ಕಾರ ಹೇಳಬೇಕಿತ್ತು. ಈ ಶ್ರದ್ಧಾಂಜಲಿ ಸಭೆಯ ಹಿರಿಯರೇ, ನಮ್ಮ ಕೃಪಾಬಾಯಿ ಟೀಚರ ತಮ್ಮ ಉದಯ್ ಅಂಕಲ್, ಎಲ್ಲರಿಗೂ ನಮಸ್ಕಾರ, ನಾನು ಖುಷಿ. ಜ್ವರ ಬಂದು ಟೀಚರಿಗೆ ನನ್ನ ಮದುವೆಗೆ ಬರಲಾಗಲಿಲ್ಲ. "ಫೋಟೋ ತಂದು ತೋರಸವ್ವಾ" ಎಂದಿದ್ದರು. ನಾಳೆ, ನಾಳೆ ಎಂದೆ — ಹೋಗಲಿಲ್ಲ.

ನಮ್ಮ ಚರ್ಚಿನ ಭಾನುವಾರದ ಮಕ್ಕಳ ಶಾಲೆಯಲ್ಲಿ ಆರು ವರ್ಷ ಅವರ ಜೊತೆ ಪಾಠ ಮಾಡಿದೆ. ಕಳೆದ ಕ್ರಿಸ್ಮಸ್‌ಗೆ ಮತ್ತಾಯನ ಸುವಾರ್ತೆ ನೋಡಿ ಯೇಸುವಿನ ವಂಶಾವಳಿ ಬರೆದೆ — ಇಷ್ಟುದ್ದ ಚಾರ್ಟು, ಚಿನ್ನದ ಬಣ್ಣ! ಸಾಲು ಅಂದವಾಗಿ ಕಾಣಲಿ ಎಂದು ಹೆಂಗಸರ ಹೆಸರು ಬಿಟ್ಟೆ. ಟೀಚರ್ ಕನ್ನಡಕ ಏರಿಸಿ ನೋಡಿದರು.

"ಭಾಳ ಚಲೋ ಆಗೇತಿ. ರೂತ್ ಎಲ್ಲಿ ಹೋದ್ಲು?"

"ಲೂಕನ ಸುವಾರ್ತೆಯ ಪಟ್ಟಿಯಲ್ಲಿ ಹೆಂಗಸರೇ ಇಲ್ಲವಲ್ಲ, ಟೀಚರ್?"

"ನೀ ಮ್ಯಾಲೆ ಮತ್ತಾಯ ಅಂತ ಬರದಿಯಲ್ಲ! ಅದರಾಗ ರೂತ್ ಅದಾಳ."

ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿದರು. ದಾವೀದನ ಮನೆತನ ಕಡಿದ ಮರದಂತಾದರೂ ಇಷಯನ ಬುಡ ಚಿಗುರುತ್ತದೆ, ಒಳ್ಳೆಯ ಅರಸ ಬರುತ್ತಾನೆ ಎಂದು ಪ್ರವಾದಿ ಯೆಶಾಯ ನುಡಿದ. ಯೆಹೂದ್ಯರು ಆ ಅರಸನಿಗಾಗಿ ಕಾದರು. ಮೊದಲ ಕ್ರೈಸ್ತರು ಅದೇ ಮಾತನ್ನು ಓದಿ, ಆ ಚಿಗುರು ಯೇಸುವೇ ಎಂದರು.

"ಇಷಯ ಅಂದ್ರ ದಾವೀದನ ಅಪ್ಪ. ಇಷಯನ ಅಜ್ಜಿ ಯಾರು? ರೂತ್! ಮೋವಾಬದಾಕಿ, ಹೊರಗಿನಾಕಿ. ಗಂಡ ಸತ್ರೂ ಅತ್ತೀನ್ನ ಬಿಡದಾಕಿ. ಆಕಿನ್ನ ತಗದ್ರ ಬುಡಾನ ಇಲ್ಲ, ಖುಷಿ. ಚಿಗುರು ಎಲ್ಲಿಂದ ಬರಬೇಕು?"

ನಕ್ಕರು. ನಾನೂ ನಕ್ಕೆ. ರೂತ್ ಎಂದು ಅಂಚಿನಲ್ಲಿ ಸಣ್ಣದಾಗಿ ಬರೆದೆ.

ಹೋದ ಮಂಗಳವಾರ ಟೀಚರ್ ತೀರಿಕೊಂಡಾಗ ಬಂಧುಗಳಿಗೆ ಫೋನ್ ಮಾಡುವ ಕೆಲಸ ನನ್ನದಾಗಿತ್ತು. ಚರ್ಚಿನ ಕುಟುಂಬಗಳ ಪಟ್ಟಿ ನೋಡಿ ಮಾಡಿದೆ. ಅದರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು ಮಾತ್ರ. ಟೀಚರ ಸೊಸೆ ಅಮಿತಾ ಅದರಲ್ಲಿಲ್ಲ. ಮಗ ರಂಜನ್ ತೀರಿಹೋಗಿ ನಾಲ್ಕು ವರ್ಷವಾದರೂ ಪ್ರತಿ ಭಾನುವಾರ ಮಿರಜಿನಿಂದ ಅತ್ತೆಗೆ ಫೋನ್ ಮಾಡುತ್ತಿದ್ದವರು — ಎಷ್ಟು ಸಲ ಆ ಫೋನ್ ನಾನೇ ಎತ್ತಿದ್ದೇನೆ! ನನಗೆ ಗೊತ್ತಿತ್ತು. ಆದರೂ — ಪಟ್ಟಿ ಮುಗಿಯಿತು, ಕೆಲಸ ಮುಗಿಯಿತು ಎಂದುಕೊಂಡೆ. ಅದರ ಹಿಂದಿನ ದಿನವಷ್ಟೇ ನನ್ನ ಗಂಡ ನಿತಿನ್ ಮನೆಯವರು ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಸೇರಿಸಿದ್ದರು, ಕುಣಿದಾಡಿದ್ದೆ.

ಬುಧವಾರ ಮಣ್ಣು ಮಾಡಿದೆವು. ನಿನ್ನೆ ಅಮಿತಾಗೆ ಹೇಳಿದೆ. "ಒಂದ್ ಹಿಡಿ ಮಣ್ಣಾದ್ರೂ ಹಾಕ್ತಿದ್ದೆ, ಖುಷಿ" ಎಂದರು.

ಚಾರ್ಟಿನಲ್ಲಿ ತಪ್ಪಿದವಳೂ ನಾನೇ, ಇಲ್ಲಿ ತಪ್ಪಿದವಳೂ ನಾನೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷದ ಮೌನದಲ್ಲಿ ಒಂದೇ ನಿಮಿಷ ಇವತ್ತು ನಿಲ್ಲೋಣ. ಇನ್ನೊಂದು ನಿಮಿಷ ಸಮಾಧಿಯ ಹತ್ತಿರ, ಸೊಸೆಯನ್ನು ಮುಂದೆ ನಿಲ್ಲಿಸಿಕೊಂಡು. ಅಮಿತಾ ಬರುತ್ತಿದ್ದಾರೆ — ಈ ಭಾನುವಾರ, ಮಿರಜಿನ ರೈಲಿಗೆ.