ಖಾಲಿ ಕುರ್ಚಿಯ ಪಾಲು

ಸಿನಿಮಾ ಬಿಟ್ಟಾಗ ಕತ್ತಲಾಗಿತ್ತು. ಅಮೆರಿಕದ ಬಫಲೋ ಊರಲ್ಲಿ ನಮ್ಮ ಪೋಲಿಷರ ಕೇರಿ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ. ಹಾಳುಬಿದ್ದ ಬಿಯರ್ ಕಾರ್ಖಾನೆಯ ಬಾವಿ ಪಕ್ಕ ಇಬ್ಬರು ನಡೆದು ಬರುತ್ತಿದ್ದರು. ಒಬ್ಬ ಬೊಲೆಕ್, ಲಾರಿ ದೋಚುವ ಗ್ಯಾಂಗಿನ ಯಜಮಾನ. ಇನ್ನೊಬ್ಬ ನನ್ನ ಚಿಕ್ಕಮ್ಮನ ಮಗ ಕಾಜಿಕ್. ಅವನು ಪೊಲೀಸು... ಬೇರೆ ಊರಿನ ಕಳ್ಳ ಅಂತ ಹೇಳಿಕೊಂಡು ಆರು ತಿಂಗಳಿಂದ ಅವರೊಳಗೇ ಇದ್ದ.

"ಸಿನಿಮಾದ ಆ ಪೊಲೀಸು ಕಳ್ಳರ ಜೊತೇಲೇ ಉಂಡು ಮಲಗಿದ್ನಂತೆ!" ಬೊಲೆಕ್ ನಕ್ಕ. "ನಾನಾಗಿದ್ರೆ ಪಾಪ್‌ಕಾರ್ನ್ ಮುಗಿಯೋದ್ರೊಳಗೆ ಮೂಸಿ ಹಿಡೀತಿದ್ದೆ ಕಣೋ."

ಕಾಜಿಕ್ಕೂ ನಕ್ಕ. ನಗಲೇಬೇಕಲ್ಲ! ಹೀಗೇ ಕಳ್ಳನ ವೇಷದಲ್ಲಿ ಮುಂಚೆ ಬಂದಿದ್ದ ಅವನ ಪೊಲೀಸ್ ಗೆಳೆಯ ಲೂತೆಕ್‌ನನ್ನು ಹಿಡಿದು ಇದೇ ಬಾವಿಗೆ ತಳ್ಳಿದ್ದರು. ಬೇರೆ ಊರಿನ ಕಳ್ಳನಿಗೆ ಗೊತ್ತಿರಬಾರದ ಆ ಹೆಸರು ಬಾಯಿಂದ ಬಂತೋ, ಇವನ ಕತೆಯೂ ಅಷ್ಟೇ.

ತೊಟ್... ತೊಟ್...

ಉಗುಳಿದರೆ ಹೆಪ್ಪುಗಟ್ಟುವ ಚಳಿ. ಬೆನ್ನ ಹಿಂದೆ ನೀರು ತೊಟ್ಟಿಕ್ಕುವ ಸದ್ದು.

ಮನೆಯಲ್ಲಿ ಬೊಲೆಕ್‌ನ ತಾಯಿ ಯಾದ್ವಿಗಾ ಮೇಜು ಹಾಸಿದ್ದಳು. ಆ ರಾತ್ರಿ ಕರೆಯದೆ ಬರುವವರಿಗೆಂದು ಒಂದು ಕುರ್ಚಿ ಖಾಲಿ ಬಿಡುತ್ತೇವೆ. ಊಟದ ನಡುವೆ ಎದ್ದವನು ಮುಂದಿನ ವರ್ಷದ ಊಟಕ್ಕೆ ಇರುವುದಿಲ್ಲ ಅಂತ ನಂಬಿಕೆ. ಹಪ್ಪಳದಂಥ ತೆಳು ರೊಟ್ಟಿಯನ್ನು ಒಬ್ಬರ ಕೈಯಿಂದೊಬ್ಬರು ಮುರಿದು, ಹೆಸರು ಹಿಡಿದು ಹರಸಬೇಕು. ಚಾಚಿದ ಕೈಗೆ ಇಲ್ಲ ಅನ್ನುವಂತಿಲ್ಲ.

ತೊಟ್... ತೊಟ್... ಖಾಲಿ ಕುರ್ಚಿಯ ಹತ್ತಿರ ಬಂದು ನಿಂತಿತು.

"ಅಮ್ಮಾ... ಅಲ್ಲಿ ಕಾಣ್ತಿದಾನಾ?" ಕಾಜಿಕ್ ಯಾದ್ವಿಗಾಳ ಕಿವಿಯಲ್ಲಿ ಕೇಳಿದ.

"ಯಾರೋ? ಯಾರೂ ಇಲ್ವಲ್ಲೋ."

"ಬಾವಿಯಿಂದ... ಹಿಂದೇ ಬಂದ."

ಲೂತೆಕ್ ಕೂತಿದ್ದ. ನೀರಿಳಿಯುವ ಕೈ ಚಾಚಿದ. ಕಾಜಿಕ್ ತನ್ನ ಕೈಯನ್ನು ಮೇಜಿಗೆ ಒತ್ತಿ ಹಿಡಿದ. ಅದು ಅವನ ಮಾತು ಕೇಳಲಿಲ್ಲ.

ಚಟ್... ರೊಟ್ಟಿ ಮುರಿಯಿತು.

"ದೇವರು ನಿನ್ನ ಕಾಯಲಿ, ಲೂತೆಕ್." ಕಾಜಿಕ್‌ನ ಬಾಯಿಂದ ಬಂದೇಬಿಟ್ಟಿತು.

ಚಮಚಗಳ ಸದ್ದು ನಿಂತಿತು.

"ಆ ಹೆಸರು ನಿಂಗ್ಯಾರಪ್ಪ ಹೇಳಿದ್ದು?" ಬೊಲೆಕ್ ಮೆಲ್ಲಗೆ ಕೇಳಿದ. "ಇರ್ಲಿ... ಊಟ ಮುಗೀಲಿ. ಅಮ್ಮ, ಇವನಿಗೆ ಮೀನು ಬಡಿಸು."

ಹನ್ನೆರಡು ಬಗೆ ಅಡುಗೆ. ಒಂದೊಂದೇ ಬಂತು... ಒಂದೊಂದೇ ಮುಗಿಯಿತು. ಬೊಲೆಕ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಕೊನೆಗೆ ಗಸಗಸೆ, ಜೇನು ಕಲಸಿದ ಗೋಧಿ. ಅದನ್ನು ಕಾಜಿಕ್ ಒಂದೊಂದೇ ಕಾಳು ತಿಂದ, ಪಾಪ.

ಆಮೇಲೆ ಇಬ್ಬರೂ ಹೊರಗೆ ಹೋದರು. ಬೊಲೆಕ್ ಒಬ್ಬನೇ ವಾಪಸು ಬಂದ.

ಸುಳ್ಳಲ್ಲ. ವರ್ಷಗಳಾದ ಮೇಲೆ ಯಾದ್ವಿಗಾಳೇ ನಮ್ಮ ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದು, ಕೈ ಹಿಡಿದು ಹೇಳಿದ್ದು. ಕಾಜಿಕ್ ಹೋದಾಗಿನಿಂದ ಯಾದ್ವಿಗಾ ಪ್ರತಿ ವರ್ಷ ಆ ರಾತ್ರಿ ಎರಡು ಕುರ್ಚಿ ಖಾಲಿ ಬಿಡುತ್ತಿದ್ದಳು. ಒಂದು ವರ್ಷ ನಾನೂ ಆಕೆಯ ಮನೆಗೆ ಹೋಗಿದ್ದೆ.

ಮುಟ್ಟಿ ನೋಡಿದೆ. ಎರಡೂ ಒದ್ದೆ.