ಬೇಕೆಂದೇ ಉಗ್ಗಿದವಳು

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಅರಿಶಿನದ ಚೀಲಕ್ಕೊರಗಿ ತೂಕಡಿಸುತ್ತಿದ್ದ ಯಶೋದಮ್ಮನ ನಿದ್ದೆ, ಪಕ್ಕದ ಬೆಂಚಿನ ಅಪ್ಪ ಮಗಳ ಮಾತಿಗೆ ಹಾರಿಹೋಯಿತು. ಅಪ್ಪನ ಕೈಯಲ್ಲಿ ಬಜೆಯ ಬೇರಿತ್ತು.

“ತೇಯ್ದು ನಾಲ್ಗೆಗೆ ಅಚ್ಕೊ ಕಣಮ್ಮಿ. ಎಸ್‌ಟಿಡಿ ಬೂತಿನೋನು ಎಲ್ಲಾನೂ ಯೋಳ್ದ. ನಿಮ್ ಚಿಕ್ಕಪ್ಪನ ಉಗ್ಗು ನಿಂಗೂ ಬಂದ್ಬುಟ್ಟದಂತೆ.”

“ಅಯ್ಯೋ ಅಪ್ಪಾ, ಅದು ಮೈಸೂರಲ್ಲಿ ನಮ್ ಮೇಡಂ ಕೊಟ್ಟ ಹೋಂವರ್ಕು! ಉಗ್ಗೋರಿಗೆ ಮಾತು ಕಲಿಸೋಕೆ ಮುಂಚೆ ನಾವೂ ಹೊರಗಿನೋರ ಮುಂದೆ ಉಗ್ಗಿ ನೋಡ್ಬೇಕು. ಆಗ್ಲೇ ಅವರ ಪಾಡು ಗೊತ್ತಾಗೋದು ಅಂತಾರೆ.”

“ಬೇಕೂಂತ ಉಗ್ಗಿದ್ಯಾ?”

“ಹೂಂ.”

“ಆಳಾದೋಳೆ! ಮೂರು ದಿನದಿಂದ ಅನ್ನ ಇಳೀನಿಲ್ಲ ನಂಗೆ.” ಅವನು ಟವೆಲಿನಿಂದ ಕಣ್ಣೊರೆಸಿಕೊಂಡು ನಗತೊಡಗಿದ. “ಏನು ಗೊತ್ತಾಯ್ತು, ಅದ ಯೋಳು.”

“ನನ್ನ ಮಾತ ಆ ಬೂತಿನೋನೇ ಆಡಿ ಮುಗಿಸ್ಬುಟ್ಟ. ಮೈಸೂರು ಅನ್ನಕ್ಕೆ ಹೊಂಟಿದ್ದೆ, ಮದ್ರಾಸಿಗೆ ಲೈನ್ ಆಕ್ದ. ಅಳು ಬಂದ್ಬುಡ್ತು.”

“ನನ್ ತಮ್ಮಂಗೆ ನಾನೂ ಅಂಗೇ ಮಾಡ್ತಿದ್ದೆ. ಪಾಪ, ಕಷ್ಟ ಪಡ್ತಾನೆ ಅಂತ.”

“ಗೊತ್ತು. ಇನ್ಮೇಲೆ ಮಾಡ್ಬೇಡ.”

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಕೇಳಿದ: “ಎಲ್ಲಿಗೆ?”

ಅಪ್ಪ ಬಾಯಿ ತೆರೆದ. ಮಗಳು ಅವನ ಕೈ ಅದುಮಿ, ಬೇಕೆಂದೇ ತಾನೇ ಉಗ್ಗತೊಡಗಿದಳು.

“ತೆ... ತೆ... ತೆ...”

ಅಪ್ಪ ತುಟಿ ಕಚ್ಚಿಕೊಂಡ. ಹಿಂದೆ ನಿಂತ ಯಶೋದಮ್ಮನ ನಾಲಿಗೆಯ ತುದಿಗೂ ಊರ ಹೆಸರು ಬಂದು ನಿಂತಿತ್ತು. ಕಂಡಕ್ಟರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಸುಮ್ಮನೆ ಕಾದ.

“...ತೆರಕಣಾಂಬಿ.”

“ಅತ್ತಿ,” ಎಂದು ಕಂಡಕ್ಟರ್ ಬಾಗಿಲು ಬಿಟ್ಟು ಸರಿದ.

“ನಾನು ಬಾಯಿ ಬುಡ್ನಿಲ್ಲ, ನೋಡ್ದಾ?” ಎನ್ನುತ್ತ ಅಪ್ಪ ಹೆಮ್ಮೆಯಿಂದ ಮಗಳ ಹಿಂದೆ ಮೆಟ್ಟಿಲು ಹತ್ತಿದ.